ಜೊಂಡಿನ ಸಾಮಿಖ, ಮಗನ ಗೆಲುವಿನ ಹಾಡು

ಕೊಪಾಯ್ ಸರೋವರದ ದಂಡೆಯ ನಮ್ಮ ಊರಿನಲ್ಲಿ ಜನ ಎರಡೇ ಬಗೆ. ಹಾವುಮೀನು ಹಿಡಿಯುವವರು ಒಂದು, ಜೊಂಡು ಕೊಯ್ಯುವವರು ಇನ್ನೊಂದು. ಮೀನಿನವರು ಮೈಕೈ ತುಂಬಿಕೊಂಡವರು, ಅವರ ಪಿಸುಮಾತೂ ಹತ್ತು ಮನೆಗೆ ಕೇಳಬೇಕು. ಜೊಂಡಿನವರು ಸಣಕಲು, ಮಾತು ಕಡಿಮೆ. ಯಾರಾದರೂ ಮಾತಾಡಿಸಿದರೆ ಮುಖ ಎತ್ತುವುದಿಲ್ಲ, ಕಿವಿ ತಿರುಗಿಸುತ್ತಾರೆ. ಸಾಮಿಖ ಈ ಕಿವಿ ತಿರುಗಿಸುವವರ ಪೈಕಿ.

ಅವನ ಕಸುಬು ಜೋಡಿ ಕೊಳಲಿಗೆ ನಾಲಿಗೆ ಮಾಡುವುದು. ಕೊಳಲಿನವನು ಎರಡು ಕೊಳಲನ್ನು ಒಟ್ಟಿಗೆ ಬಾಯಿಗಿಟ್ಟು ಊದುತ್ತಾನಲ್ಲ, ಆ ಎರಡರ ತುದಿಗೂ ಜೊಂಡಿನ ಒಂದೊಂದು ನಾಲಿಗೆ ಬೇಕು. ಎರಡೂ ಒಂದೇ ಜೊಂಡಿನ, ಎರಡು ಗೆಣ್ಣುಗಳ ನಡುವಿನ ಒಂದೇ ತುಂಡಿನಿಂದ ಬಂದಿರಬೇಕು. ಬೇರಿನ ಕಡೆಯದು ಎಡಗೈ ಕೊಳಲಿಗೆ, ತುದಿಯ ಕಡೆಯದು ಬಲಗೈ ಕೊಳಲಿಗೆ. ಬೇರೆ ಬೇರೆ ತುಂಡಿನವನ್ನು ಜೋಡಿ ಮಾಡಿದರೆ ಮೊದಮೊದಲು ಯಾರಿಗೂ ಗೊತ್ತಾಗುವುದಿಲ್ಲ. ಚೆನ್ನಾಗಿ ಎಂಜಲು ಹೀರಿಕೊಂಡ ಮೇಲೆ ಒಂದು ಮೇಲಕ್ಕೆಳೆಯುತ್ತದೆ, ಇನ್ನೊಂದು ಕೆಳಕ್ಕೆಳೆಯುತ್ತದೆ. ಆಮೇಲೆ ಬರುವುದು ಹಾಡಲ್ಲ, ಕತ್ತೆಯ ಅರಚಾಟ.

ಇಂಥ ಜೊಂಡು ಪ್ರತಿ ವರ್ಷ ಸಿಗುವುದಿಲ್ಲ. ಒಂಬತ್ತು ವರ್ಷಕ್ಕೊಮ್ಮೆ ಸರೋವರ ಉಕ್ಕಿ, ಆ ನೀರು ಎರಡು ವರ್ಷ ನಿಂತರೆ ಮಾತ್ರ ಜೊಂಡು ಜೋಡಿಗೆ ಆಗುವಷ್ಟು ದಪ್ಪವಾಗುತ್ತದೆ. ಸಾಮಿಖನಿಗೆ ಹತ್ತೊಂಬತ್ತಾಗಿದ್ದಾಗ ಅಂಥದೊಂದು ನೆರೆಯ ಜೊಂಡನ್ನು ಕೊಯ್ಯಲು ಅವನ ಅಪ್ಪ ಒನಾಸಿಮ ತೆಪ್ಪ ಹತ್ತಿ ಹೋದ. ಬೆಟ್ಟದ ಬುಡದಲ್ಲಿ ಸರೋವರದ ನೀರು ನೆಲದೊಳಕ್ಕೆ ಇಳಿಯುವ ಬಿಲಗಳಿವೆ. ಸೆಳೆತ ತೆಪ್ಪವನ್ನು ಅತ್ತ ಎಳೆದುಕೊಂಡಿತು. ತೆಪ್ಪವೂ ಸಿಗಲಿಲ್ಲ, ಒನಾಸಿಮನೂ ಸಿಗಲಿಲ್ಲ. ಬೆಳಿಗ್ಗೆ ಕೊಯ್ದು ದಡದಲ್ಲಿಟ್ಟಿದ್ದ ಒಂದು ಕಟ್ಟು ಜೊಂಡು ಮಾತ್ರ ಸಿಕ್ಕಿತು. ಹೂಳುವುದಕ್ಕೆ ಹೆಣವಿಲ್ಲ, ಹೆಸರು ಕೆತ್ತಿಸುವುದಕ್ಕೆ ಸಮಾಧಿಯ ಕಲ್ಲಿಲ್ಲ. ಸಾಮಿಖ ಆ ಕಟ್ಟನ್ನು ಅಟ್ಟಕ್ಕೆ ಹಾಕಿದ. ಎಷ್ಟು ಜನ ಬಂದು ಕೇಳಿದರೂ ಮಾರಲಿಲ್ಲ.

ಗೆಲುವಿನ ಹಾಡುಗಳನ್ನು ಅವನಷ್ಟು ಕೇಳಿದವರು ನಮ್ಮ ಸೀಮೆಯಲ್ಲಿ ಇರಲಾರರು. ಎಲ್ಲಿ ಯಾರು ಗೆದ್ದರೂ, ಓಟವಿರಲಿ ಕುಸ್ತಿಯಿರಲಿ, ಕವಿಯಿಂದ ಹಾಡು ಕಟ್ಟಿಸಿ ಮೇಳದವರಿಂದ ಹಾಡಿಸುತ್ತಾರೆ. ಮೇಳವೆಂದರೆ ಕೊಳಲು, ಕೊಳಲೆಂದರೆ ನಾಲಿಗೆ. ನಾಲಿಗೆ ಯಾವಾಗ ಸೀಳುತ್ತದೆಂದು ಹೇಳಲಾಗದ ಕಾರಣ ನಾಲಿಗೆಯವನನ್ನು ಮೇಳದ ಹಿಂದೆ ಒಂದು ಮಣೆ ಹಾಕಿ ಕೂರಿಸುತ್ತಾರೆ. ಆ ಮಣೆಯ ಮೇಲೆ ಕೂತು ಕೂತು ಸಾಮಿಖನಿಗೆ ಹಾಡಿನ ಕಟ್ಟು ಬಾಯಿಪಾಠವಾಗಿತ್ತು. ಮೇಳ ಬಲಕ್ಕೊಂದು ಸುತ್ತು ಕುಣಿಯುವಾಗ ದೇವರ ಸ್ತುತಿ, ಎಡಕ್ಕೊಂದು ಸುತ್ತಿಗೆ ಊರಿನ ಹೊಗಳಿಕೆ, ಆಮೇಲೆ ನಿಂತು ಹಾಡುವಾಗ ಗೆದ್ದವನ ಅಪ್ಪನ ಹೆಸರು, ಅಜ್ಜನ ಹೆಸರು. ಹಾಗೆ ಹಾಡಿದ ಹೆಸರು ನೆಲದಡಿಗೂ ಇಳಿಯುತ್ತದೆ, ಅಲ್ಲಿರುವವರು ಕೇಳಿ ತಲೆಯೆತ್ತುತ್ತಾರೆ ಎಂದು ನಮ್ಮವರ ನಂಬಿಕೆ. ಪ್ರತಿ ಹಾಡಿನಲ್ಲೂ ಆ ಜಾಗ ಬಂದಾಗ ಯಾರ್ಯಾರದೋ ಅಪ್ಪಂದಿರು ತಲೆಯೆತ್ತುತ್ತಿದ್ದರು, ಒನಾಸಿಮ ಮಾತ್ರ ಆ ಬಿಲದಲ್ಲಿ ಯಾರೂ ಕರೆಯದೆ ಬಿದ್ದಿದ್ದ.

ಅವನಿಗೆ ಒಬ್ಬನೇ ಮಗ, ಥ್ರಾಸಿಯ. ತಾಯಿ ಕಲ್ಲಿಟ ಜ್ವರದಲ್ಲಿ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ. ಸಾಮಿಖ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕೆಲಸ ಮಾಡುತ್ತಿದ್ದ. ಹೊಸ ನಾಲಿಗೆಗಳನ್ನು ನೀರಿನಲ್ಲಿ ಅದ್ದಿ ಊದಿ ನೋಡುವುದು ಹುಡುಗನ ಪಾಲಿನ ಕೆಲಸ. ಧ್ವನಿ ಸ್ವಲ್ಪ ಸೀಳಿದರೂ ಸಾಕು, ತಲೆಯೆತ್ತದೆ ಕೂಗುತ್ತಿದ್ದ: "ಅಪ್ಪಾ, ಒಡೀತು." ಸಾಮಿಖ ಚಾಕು ಬಿಟ್ಟು, "ಬಂದೆ ಕಣೋ" ಎಂದು ಏಳುತ್ತಿದ್ದ. ದಿನಕ್ಕೆ ಇಪ್ಪತ್ತು ಸಲ ಈ ಕರೆ, ಇಪ್ಪತ್ತು ಸಲ ಈ ಓಗೊಡುವಿಕೆ. ಅಕ್ಕಪಕ್ಕದವರಿಗೆ ತಲೆ ಚಿಟ್ಟು ಹಿಡಿದಿತ್ತು.

ಹುಡುಗನ ಕಾಲು ಚುರುಕೆಂದು ಗೊತ್ತಾದದ್ದು ಅವನಿಗೆ ಹತ್ತು ತುಂಬಿದಾಗ. ಕುದುರೆ ಸವಾರನೊಬ್ಬ ಮರೆತುಹೋದ ಚೀಲವನ್ನು ಹಿಡಿದು ಓಡಿ, ದಾರಿಯಲ್ಲೇ ಅವನನ್ನು ಹಿಡಿದುಬಿಟ್ಟಿದ್ದ. ಅಂದಿನಿಂದ ಸಾಮಿಖನಿಗೆ ಒಂದೇ ಧ್ಯಾನ. ಓಡು ಮಗನೇ, ನೀನು ಗೆದ್ದರೆ ತಾತನಿಗೆ ಕೇಳಿಸುತ್ತದೆ. ಅಂಬಲಿ ಬಡಿಸುವಾಗಲೂ ಅದೇ ಮಾತು, ಮಲಗಿಸುವಾಗಲೂ ಅದೇ ಮಾತು. ಹದಿನೈದಕ್ಕೆ ಥೀಬ್ಸಿನ ಒಬ್ಬ ಓಟದ ಗುರು ಹುಡುಗನನ್ನು ಏನೂ ತೆಗೆದುಕೊಳ್ಳದೆ ಕಲಿಸುತ್ತೇನೆಂದು ಕರೆದೊಯ್ದ. ಪುಕ್ಕಟೆ ಯಾಕೆ ಕಲಿಸುತ್ತಾನೆಂದು ಹಾವುಮೀನಿನ ಖಾರೋಪ ಅಂದೇ ಕೇಳಿದ್ದ. ಹುಡುಗನ ಕಾಲು ನೋಡಿ ಮರುಳಾಗಿದ್ದಾನೆ ಎಂದು ಸಾಮಿಖ ಎದೆಯುಬ್ಬಿಸಿ ಹೇಳಿದ.

ಎರಡು ವರ್ಷ ಕಳೆದು ಪೈಥೋದ ಗುಡಿಯ ಪಂದ್ಯಗಳು ಬಂದವು. ಸಾಮಿಖ ಎಂದಿನಂತೆ ಗುಡಿಯ ಕೆಳಗಿನ ಕ್ರಿಸಾ ಬಯಲಿನಲ್ಲಿ ನಾಲಿಗೆಯ ಅಂಗಡಿ ಹಾಕಿದ, ಪಕ್ಕದಲ್ಲಿ ಖಾರೋಪನ ಹೊಗೆಯಾಡುವ ಮೀನಿನ ಅಂಗಡಿ. ಈ ಸಲ ಸಾಮಿಖನ ಎದೆಯ ಚೀಲದಲ್ಲಿ ಒಂದು ವಿಶೇಷವಿತ್ತು. ಅಟ್ಟದ ಕಟ್ಟಿನಿಂದ ಒಂದೇ ಒಂದು ಜೊಂಡನ್ನು ಎಳೆದು, ಒಂದೇ ತುಂಡಿನಿಂದ ಒಂದು ಜೋಡಿ ಮಾಡಿ ತಂದಿದ್ದ. ಮಗ ಗೆದ್ದರೆ ಹಾಡು ಈ ನಾಲಿಗೆಯಿಂದಲೇ ಹೊರಡಬೇಕೆಂಬುದು ಅವನ ಆಸೆ. ಹಾಡಿಸಲು ಊರಿನವರು ಒಪ್ಪಿದ್ದರು, ಮೇಳಕ್ಕೆ ಹದಿನಾಲ್ಕು ಜನ ಹೆಸರು ಕೊಟ್ಟಿದ್ದರು.

ಪಂದ್ಯಕ್ಕೆ ಮೊದಲು ಓಟಗಾರರು ಅಪ್ಪಂದಿರ ಜೊತೆ ನಿಂತು ದೇವರ ಮುಂದೆ ಆಣೆ ಮಾಡಬೇಕು. ಅದಕ್ಕೆ ಥ್ರಾಸಿಯ ಅಪ್ಪನಿಗೆ ಬರುವುದು ಬೇಡವೆಂದ. ವ್ಯಾಪಾರದ ಹೊತ್ತು, ಗುರುಗಳೇ ಎಲ್ಲ ನೋಡಿಕೊಳ್ಳುತ್ತಾರೆ ಎಂದ. ಮಗನಿಗೆ ಎಷ್ಟು ತಿಳಿವಳಿಕೆ ಬಂದಿದೆ ನೋಡು ಎಂದು ಸಾಮಿಖ ಖಾರೋಪನ ಮುಂದೆ ಹೇಳಿಕೊಂಡ. ಖಾರೋಪ ಮೀನು ತಿರುವುತ್ತಾ ಹೂಂ ಅಂದ, ಅಷ್ಟೇ.

ಹುಡುಗರ ಉದ್ದ ಓಟ ನಾಲ್ಕನೆಯ ದಿನ. ದಿಬ್ಬದ ಮೇಲೆ ಕಾಲಿಡಲು ಜಾಗವಿರಲಿಲ್ಲ. ಕೊನೆಯ ಸುತ್ತಿನಲ್ಲಿ ಥ್ರಾಸಿಯ ನಾಲ್ಕನೆಯವನಾಗಿದ್ದ, ತಿರುವಿನ ಕಂಬದ ಹತ್ತಿರ ಎರಡನೆಯವನಾದ, ಆಮೇಲೆ ಅವನ ಮುಂದೆ ಯಾರೂ ಇರಲಿಲ್ಲ. ಸಾಮಿಖ ಕೂಗಲಿಲ್ಲ, ಅವನಿಗೆ ಉಸಿರೇ ಬರುತ್ತಿರಲಿಲ್ಲ. ಖಾರೋಪ ಅವನ ಬೆನ್ನಿಗೆ ಗುದ್ದಿ ಗುದ್ದಿ ಅತ್ತ. ಕಹಳೆ ಊದಿತು, ಜನ ಸುಮ್ಮನಾದರು. ಗೆದ್ದವರ ಹೆಸರು ಸಾರುವವನು ಕಲ್ಲಿನ ಮೇಲೆ ಹತ್ತಿ ನಿಂತ. ಸಾಮಿಖ ಕಣ್ಣು ಮುಚ್ಚಿ ಕಿವಿ ತಿರುಗಿಸಿದ.

"ಹುಡುಗರ ಉದ್ದ ಓಟದಲ್ಲಿ ಗೆದ್ದವನು ಥ್ರಾಸಿಯ. ಸಿಸಿಲಿಯ ಎಖೇಕ್ರತನ ಮಗ."

ಸಾಮಿಖನಿಗೆ ಮೊದಲು ಹೊಳೆದದ್ದು, ಸಾರುವವನು ತಪ್ಪಿದ, ಪಾಪ, ಬಿಸಿಲು ಜಾಸ್ತಿ ಎಂದು. ಸಾರುವವನು ಎರಡನೆಯ ಸಲವೂ ಅದನ್ನೇ ಹೇಳಿದ. ಮೂರನೆಯ ಸಲವೂ ಅದನ್ನೇ. ಸಾಮಿಖ ಕಣ್ಣು ತೆರೆದ. ಕೆಳಗೆ ಮಗ ತಲೆ ಬಾಗಿಸಿ ದಾಫ್ನೆ ಮರದ ಎಲೆಯ ಗೆಲುವಿನ ಕಿರೀಟ ಹಾಕಿಸಿಕೊಂಡ. ಅವನ ಪಕ್ಕದಲ್ಲಿ ಕೆಂಪು ಅಂಚಿನ ಬಟ್ಟೆಯುಟ್ಟ ನರೆಗೂದಲಿನ ಒಬ್ಬ ಮನುಷ್ಯ ಎರಡೂ ಕೈ ಎತ್ತಿ ಜನರಿಗೆ ತೋರಿಸುತ್ತಿದ್ದ. ಜನ ಇಬ್ಬರ ಮೇಲೂ ಎಲೆ, ಹೂವು ಎಸೆಯುತ್ತಿದ್ದರು.

"ಸಾಮಿಖ, ನಿನ್ನ ಮಗ ಅಲ್ವೇನಯ್ಯಾ ಅವನು?" ಎಂದು ಖಾರೋಪ ಮೆಲ್ಲಗೆ ಕೇಳಿದ. ಹುಟ್ಟಿದಾಗಿನಿಂದ ಹುಡುಗನನ್ನು ಬಲ್ಲವನು, ಆದರೂ ಕೇಳಿದ. ಅಷ್ಟು ಸಾಕಾಯಿತು ಸಾಮಿಖನಿಗೆ ತನ್ನ ಮೇಲೆ ತನಗೇ ಅನುಮಾನ ಬರುವುದಕ್ಕೆ.

ಜನರನ್ನು ನುಗ್ಗಿಕೊಂಡು ಇಳಿಯುವಷ್ಟರಲ್ಲಿ ಮಗನನ್ನು ಸಿಸಿಲಿಯವರ ಗುಡಾರಕ್ಕೆ ಕರೆದೊಯ್ದಿದ್ದರು. ಗುಡಾರದ ಹಿಂದೆ, ಕುದುರೆ ಕಟ್ಟುವ ಜಾಗದಲ್ಲಿ ಸಾಮಿಖ ಕಾದ. ಬಹಳ ಹೊತ್ತಿನ ಮೇಲೆ ಥ್ರಾಸಿಯ ಒಬ್ಬನೇ ಬಂದ. ಕಿರೀಟ ತಲೆಯ ಮೇಲೇ ಇತ್ತು. ಹೇಳಬೇಕಾದ್ದನ್ನು ಮೊದಲೇ ಕಲಿತುಕೊಂಡು ಬಂದವನಂತೆ ಒಂದೇ ಉಸಿರಿನಲ್ಲಿ ಹೇಳಿದ. ಎಖೇಕ್ರತ ದೊಡ್ಡ ಮನುಷ್ಯ, ಮಕ್ಕಳಿಲ್ಲ. ಎರಡು ವರ್ಷದಿಂದ ಗುರುವಿಗೆ ಕೊಟ್ಟದ್ದೂ ಅವನೇ. ಅಲ್ಲಿ ಮನೆಯಿದೆ, ಕುದುರೆಗಳಿವೆ. ದತ್ತು ಅಂದರೆ ಅವರ ಊರಿನವರು ಒಪ್ಪುವುದಿಲ್ಲ, ಸ್ವಂತ ರಕ್ತವೇ ಆಗಬೇಕು. ಅದಕ್ಕೇ ಈ ಕಡೆಯ ಒಬ್ಬ ಹೆಂಗಸಿನಲ್ಲಿ ತನಗೆ ಹುಟ್ಟಿದ ಮಗ ಎಂದು ಎಖೇಕ್ರತ ದೇವರ ಮುಂದೆ ಆಣೆ ಮಾಡಿದ್ದಾನೆ.

ಸಾಮಿಖನಿಗೆ ಕಲ್ಲಿಟಳ ಮುಖ ಕಣ್ಣಮುಂದೆ ಬಂತು. "ನಿಮ್ಮಮ್ಮನ ಬಗ್ಗೆ ಹಂಗಂದ್ರಾ? ನೀನು ಅಲ್ಲೇ ಇದ್ಯಾ?"

"ಇದ್ದೆ."

"ಸುಮ್ನೆ ನಿಂತಿದ್ಯಾ?"

ಥ್ರಾಸಿಯ, "ನಾನೂ ಆಣೆ ಮಾಡಿದೆ ಅಪ್ಪ" ಎಂದ. "ಈಗ ನೀನು ಬಾಯಿ ಬಿಟ್ರೆ ನಂಗೆ ಚಾವಟಿ ಏಟು. ಕಿರೀಟ ಕಿತ್ಕೊಂಡು, ಜನರ ಮುಂದೆ ಕಂಬಕ್ಕೆ ಕಟ್ಟಿ ಹೊಡೀತಾರೆ. ಬಿಡೋದು ಬಿಡದಿರೋದು ನಿನಗೆ ಸೇರಿದ್ದು."

"ತಾತನ ಹೆಸರು ಹಾಡಿಸಬೇಕು ಅಂತ..."

"ತಾತ, ತಾತ, ತಾತ." ಹುಡುಗನ ದನಿ ಇಲ್ಲಿ ಮೊದಲ ಸಲ ನಡುಗಿತು. "ಏಳು ವರ್ಷದಿಂದ್ಲೂ ತಾತನಿಗೋಸ್ಕರ ಓಡು ಅಂದೆ. ಅಪ್ಪ, ನಿನಗೇನು ಬೇಕೋ ಅಂತ ಒಂದು ದಿನ ನನ್ನ ಕೇಳಿದ್ಯಾ? ಅವರು ಕೇಳಿದ್ರು."

ಒಳಗಿನಿಂದ ಯಾರೋ ಕರೆದರು. ಥ್ರಾಸಿಯ ಹೋದ. ಸಾಮಿಖ ಕುದುರೆಗಳ ನಡುವೆ ಹಾಗೇ ನಿಂತಿದ್ದ. ಚಾಡಿ ಹೇಳುವ ಮನುಷ್ಯನಲ್ಲ ಅವನು, ಮಗನನ್ನು ಕಂಬಕ್ಕೆ ಕಟ್ಟಿಸುವವನಂತೂ ಅಲ್ಲವೇ ಅಲ್ಲ. ಹಾಗೆಂದು ನುಂಗಿಕೊಳ್ಳುವುದಕ್ಕೂ ಆಗುತ್ತಿರಲಿಲ್ಲ. ಅವನ ಜಾಗದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆನೋ ನನಗಂತೂ ಗೊತ್ತಿಲ್ಲ.

ಅಂಗಡಿಗೆ ಹಿಂದಿರುಗಿದಾಗ ಆರ್ಗೋಸಿನ ಕೊಳಲುಗಾರನೊಬ್ಬ ಕಾಯುತ್ತಿದ್ದ. ಸಾಮಿಖನ ಹಳೆಯ ಗಿರಾಕಿ, ಒಳ್ಳೆಯ ಮನುಷ್ಯ. ಪಂದ್ಯದಲ್ಲಿ ಊದಿ ಊದಿ ತನ್ನಲ್ಲಿದ್ದ ನಾಲಿಗೆಗಳೆಲ್ಲ ಸೀಳಿವೆ ಎಂದ. ನಾಳೆ ಮಧ್ಯಾಹ್ನ ಸಿಸಿಲಿಯ ಎಖೇಕ್ರತನ ಗುಡಾರದ ಮುಂದೆ ಅವನ ಮಗನ ಗೆಲುವಿನ ಹಾಡು, ಒಂದು ಒಳ್ಳೆಯ ಜೋಡಿ ಬೇಕು, ಎಂದಿನಂತೆ ನೀನೂ ಬಂದು ಹಿಂದೆ ಕೂತಿರಬೇಕು ಎಂದ. ಇಷ್ಟನ್ನೂ ನಗುನಗುತ್ತಾ ಹೇಳಿದ. ಖಾರೋಪ ಮೀನು ತಿರುವುವುದನ್ನು ನಿಲ್ಲಿಸಿದ.

"ನಾಳೆ ಬೆಳಿಗ್ಗೆ ಕೊಡ್ತೀನಿ" ಎಂದ ಸಾಮಿಖ. ತನ್ನ ದನಿ ಇಷ್ಟು ಸಮಾಧಾನವಾಗಿ ಬಂದದ್ದು ಕೇಳಿ ಅವನಿಗೇ ದಿಗಿಲಾಯಿತು.

ಮೂವತ್ತು ವರ್ಷದ ಕಸುಬಿನಲ್ಲಿ ಅವನು ಮಾಡದ ಕೆಲಸವನ್ನು ಅಂದು ಸಂಜೆ ಮಾಡಿದ. ಎರಡು ಬೇರೆ ಜೊಂಡು ಆರಿಸಿಕೊಂಡ, ಒಂದು ಎಳೆಯದು, ಇನ್ನೊಂದು ಬಲಿತದ್ದು. ಎರಡರಿಂದಲೂ ಒಂದೊಂದು ನಾಲಿಗೆ ಕೆತ್ತಿ, ಅವಳಿ ಮಕ್ಕಳಂತೆ ಕಾಣುವವರೆಗೆ ಉಜ್ಜಿದ. ಬಲಿಪೀಠದಿಂದ ಗುಡಾರದವರೆಗೆ ಮೆರವಣಿಗೆಯಲ್ಲಿ ಕೊಳಲು ಊದಿಕೊಂಡೇ ಬರುತ್ತಾರೆ, ಅಷ್ಟರಲ್ಲಿ ನಾಲಿಗೆ ಅರ್ಧ ಹೀರಿರುತ್ತದೆ. ಬಲದ ಸುತ್ತು, ಎಡದ ಸುತ್ತು ಕಳೆಯುವಾಗ ಪೂರ್ತಿ. ಮೇಳ ನಿಂತು ಅಪ್ಪನ ಹೆಸರಿಗೆ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಒಡೆಯುತ್ತದೆ. ಅವನು ಬೆರಳು ಮಡಿಸಿ ಲೆಕ್ಕ ಹಾಕಿ ಬಲಿತದ್ದನ್ನು ಇನ್ನೊಂದಿಷ್ಟು ತೆಳು ಮಾಡಿದ. ಸುಳ್ಳು ಹೆಸರು ನೆಲದಡಿಗೆ ಇಳಿಯಬಾರದು, ಅವನಿಗೆ ಬೇಕಾದದ್ದು ಇಷ್ಟೇ.

ಖಾರೋಪ ಬೀಟ್ ಎಲೆಯಲ್ಲಿ ಸುತ್ತಿದ ಮೀನು ತಂದಿಟ್ಟು, ಆ ಎರಡು ನಾಲಿಗೆಗಳನ್ನೂ ಸಾಮಿಖನ ಮುಖವನ್ನೂ ನೋಡಿದ. "ಹುಡುಗನಿಗೆ ಏನೂ ಆಗಲ್ಲ ತಾನೇ?" ಎಂದು ಕೇಳಿದ.

"ಹಾಡು ಕೆಡ್ತದೆ. ಹುಡುಗನಿಗೇನು."

ಮರುದಿನ ಕೊಳಲುಗಾರ ಬಂದು ಊದಿ ನೋಡಿ, ಭೇಷ್ ಎಂದು ಜೋಡಿಯನ್ನು ಒಯ್ದ. ಮಧ್ಯಾಹ್ನ ಸಾಮಿಖ ಮೇಳದ ಹಿಂದೆ ಮಣೆಯ ಮೇಲೆ ಕೂತ. ಇನ್ನೂರು ಜನರಾದರೂ ಸೇರಿದ್ದರು, ಪಂದ್ಯದ ತೀರ್ಪುಗಾರರಲ್ಲೇ ಮೂವರು ಮುಂದಿನ ಸಾಲಿನಲ್ಲಿ. ನಡುವೆ ಕಿರೀಟ ತೊಟ್ಟ ಥ್ರಾಸಿಯ, ಅವನ ಹೆಗಲ ಮೇಲೆ ಎಖೇಕ್ರತನ ಕೈ. ಮಗ ಅಪ್ಪನನ್ನು ನೋಡಿದ, ತಕ್ಷಣ ಮುಖ ಬಿಳುಚಿತು. ಆಮೇಲೆ ಅವನು ನೆಲವನ್ನೇ ನೋಡುತ್ತಾ ನಿಂತ.

ಹಾಡು ಚೆನ್ನಾಗಿತ್ತು, ಅದು ಇನ್ನೊಂದು ಉರಿ. ಮೇಳ ಬಲಕ್ಕೆ ಸುತ್ತುತ್ತಾ ದೇವರನ್ನು ಕರೆಯಿತು. ಎಡಕ್ಕೆ ಸುತ್ತುತ್ತಾ ಸಮುದ್ರದಾಚೆಯ ಊರನ್ನು, ಅದರ ಗೋಧಿ ಹೊಲಗಳನ್ನು ಹೊಗಳಿತು. ಸಾಮಿಖನ ಕಿವಿಗೆ ನಾಲಿಗೆಗಳು ದೂರವಾಗುತ್ತಿರುವುದು ಆಗಲೇ ಕೇಳಿಸುತ್ತಿತ್ತು, ಬೇರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಮೇಳ ನಿಂತಿತು. ಹಾಡುವವರು ಎಖೇಕ್ರತನ ಕಡೆ ತಿರುಗಿ ಉಸಿರೆಳೆದುಕೊಂಡರು. ಕೊಳಲು ಒಡೆಯಿತು.

ಆ ಅರಚಾಟಕ್ಕೆ ಮೇಳದವರ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. ಕೊಳಲುಗಾರ ಗಾಬರಿಯಿಂದ ಕೈ ಇಳಿಸಿದ. ಇನ್ನೂರು ಜನರ ನಡುವೆ ಒಂದು ಸದ್ದಿಲ್ಲ. ಆ ಮೌನದಲ್ಲಿ, ತಲೆಯೆತ್ತದೆ, ನೆಲ ನೋಡುತ್ತಲೇ ಥ್ರಾಸಿಯ ಕೂಗಿದ:

"ಅಪ್ಪಾ, ಒಡೀತು."

ಯೋಚಿಸಿ ಅಂದ ಮಾತಲ್ಲ ಅದು. ಹುಡುಗನ ಮುಖ ನೋಡಿದವರಿಗೆ ಗೊತ್ತಾಗುತ್ತಿತ್ತು, ಅವನಿಗೂ ಬರಸಿಡಿಲು ಬಡಿದಂತಾಗಿತ್ತು. ಸಾಮಿಖ ಆಗಲೇ ಎದ್ದು ನಿಂತಿದ್ದ. ಕಾಲು ತಾನಾಗಿಯೇ ಎದ್ದಿತ್ತು, "ಬಂದೆ ಕಣೋ" ಎಂಬುದು ತುಟಿಯವರೆಗೆ ಬಂದಿತ್ತು. ಇನ್ನೂರು ಮುಖಗಳು ತಿರುಗಿದವು. ಮುಂದಿನ ಸಾಲಿನಲ್ಲಿ ತೀರ್ಪುಗಾರರಲ್ಲೊಬ್ಬ ಹುಬ್ಬು ಗಂಟಿಕ್ಕಿ, ಹುಡುಗ ಯಾರನ್ನು ಕರೆದನೆಂದು ಹುಡುಕುತ್ತಿದ್ದ. ಒಂದೇ ಮಾತು ಸಾಕಿತ್ತು. ಮಗ ಮತ್ತೆ ತನ್ನವನಾಗುತ್ತಿದ್ದ, ಮರುಕ್ಷಣವೇ ಕಂಬಕ್ಕೆ ಹೋಗುತ್ತಿದ್ದ. ಹಾಡನ್ನು ಕೆಡಿಸಲು ಹೋಗಿ ಮಗನ ಬೆನ್ನಿಗೆ ತಾನೇ ಚಾವಟಿ ತಂದೆನೆಂದು ಸಾಮಿಖನಿಗೆ ಅರಿವಾಯಿತು.

"ಇಲ್ಲೇ ಇದ್ದೀನಿ ಮಗನೇ" ಎಂದು ಎಖೇಕ್ರತ ನಗುತ್ತಾ ಹುಡುಗನ ಹೆಗಲು ತಟ್ಟಿದ.

ತೀರ್ಪುಗಾರ ಮಾತ್ರ ಇನ್ನೂ ಸಾಮಿಖನನ್ನೇ ನೋಡುತ್ತಿದ್ದ. "ನೀನು ಯಾಕಯ್ಯಾ ಎದ್ದೆ?"

ಸಾಮಿಖ ಎದೆಯ ಚೀಲಕ್ಕೆ ಕೈ ಹಾಕಿದ. "ನಾನು ನಾಲಿಗೆಯವನು ಸ್ವಾಮಿ. ಒಡೆದಿದ್ದು ನನ್ನ ಮಾಲು, ಬೇರೆ ತಂದಿದ್ದೀನಿ" ಎಂದ.

ಜನ ನಕ್ಕರು. ಸಾಮಿಖ ಕೊಳಲುಗಾರನ ಮುಂದೆ ಮಂಡಿಯೂರಿ, ತಾನು ಮಾಡಿದ ಕಳ್ಳ ಜೋಡಿಯನ್ನು ಕಿತ್ತು ಮುಷ್ಟಿಯಲ್ಲಿ ಪುಡಿಮಾಡಿದ. ಅಪ್ಪನ ಜೊಂಡಿನ ಜೋಡಿಯನ್ನು ಬಾಯಲ್ಲಿಟ್ಟು ಒದ್ದೆ ಮಾಡಿ, ಬೇರಿನ ಕಡೆಯದನ್ನು ಎಡಕ್ಕೆ, ತುದಿಯ ಕಡೆಯದನ್ನು ಬಲಕ್ಕೆ ಸಿಕ್ಕಿಸಿದ. ಗುಂಪಿನಲ್ಲಿದ್ದ ಖಾರೋಪ ಇದನ್ನು ಆಮೇಲೆ ಊರಿನಲ್ಲಿ ನೂರು ಸಲ ಹೇಳಿದ.

ಕೊಳಲು ಮತ್ತೆ ಶುರುವಾಯಿತು. ಅಂಥ ಧ್ವನಿಯನ್ನು ಪೈಥೋದಲ್ಲಿ ಆ ವರ್ಷ ಯಾರೂ ಕೇಳಿರಲಿಲ್ಲವೆಂದು ಕೊಳಲುಗಾರನೇ ಹೇಳಿದ. ಬಲದ ಸುತ್ತು, ಎಡದ ಸುತ್ತು, ಮೇಳ ನಿಂತಿತು. ಎಖೇಕ್ರತನ ಹೆಸರು ಬಂತು, ಅವನಪ್ಪನ ಹೆಸರು ಬಂತು, ಆ ಅಪ್ಪನ ಕುದುರೆಗಳ ಹೆಸರೂ ಬಂತು. ಎಲ್ಲವೂ ಒನಾಸಿಮ ಕೊಯ್ದ ಜೊಂಡಿನ ಮೇಲೆ ಹೊರಟು, ಒಂದೂ ಒಡೆಯದೆ, ನೆಲದಡಿಗೆ ಇಳಿದವು. ಸಾಮಿಖ ಅಷ್ಟು ಹೊತ್ತೂ ಎಡದ ನಾಲಿಗೆಯ ನಿಲುವು ಕೇಳುತ್ತಾ, ಸರಿಯಾಗಿದೆ, ಸರಿಯಾಗಿದೆ ಎಂದು ತಲೆಯಾಡಿಸುತ್ತಿದ್ದ. ತಾನು ಹಾಗೆ ತಲೆಯಾಡಿಸುತ್ತಿದ್ದೇನೆಂದು ಗೊತ್ತಾದಾಗ ಅವನಿಗಾದ ಆಘಾತ ಸಾರುವವನ ಮಾತು ಕೇಳಿದಾಗಲೂ ಆಗಿರಲಿಲ್ಲ.

ಥ್ರಾಸಿಯ ಅಪ್ಪನ ಮುಖ ನೋಡಲಿಲ್ಲ. ಹಾಡು ಮುಗಿಯುವವರೆಗೂ ಅವನ ಕೈಗಳನ್ನೇ ನೋಡುತ್ತಿದ್ದ. ಕಣ್ಣೀರು ಸುರಿಯುತ್ತಿತ್ತು. ಗೆದ್ದ ಸಂತೋಷಕ್ಕೆ ಅಳುತ್ತಿದ್ದಾನೆಂದು ಎಲ್ಲರೂ ಮೆಚ್ಚಿಕೊಂಡರು, ಎಖೇಕ್ರತ ತನ್ನ ಬಟ್ಟೆಯ ಕೆಂಪು ಅಂಚಿನಿಂದ ಅವನ ಕೆನ್ನೆ ಒರೆಸಿದ.

ಸಾಮಿಖ ಆಮೇಲೆ ಹದಿನೇಳು ವರ್ಷ ಬದುಕಿದ, ಕಸುಬನ್ನೂ ಬಿಡಲಿಲ್ಲ. ಸಿಸಿಲಿಯಿಂದ ಮಗನ ಸುದ್ದಿ ಯಾವತ್ತೂ ಬರಲಿಲ್ಲ. ಹೊಸ ನಾಲಿಗೆಗಳನ್ನು ಅದ್ದಿ ಊದಿ ನೋಡುವ ಕೆಲಸವನ್ನೂ ತಾನೇ ಮಾಡಿಕೊಳ್ಳುತ್ತಿದ್ದ. ಒಂದು ಒಡೆದಾಗಲೆಲ್ಲ ಅದನ್ನು ಕೆಳಗಿಟ್ಟು, ಯಾರೂ ಕರೆಯದಿದ್ದರೂ, "ಬಂದೆ ಕಣೋ" ಎಂದು ಏಳುತ್ತಿದ್ದ.